ಇಮ್ಮಾರಲ್ ಅಂದರೆ

ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಒಬ್ಬಳು ಎಲೆ ಜೋಡಿಸಿ ಕೊಡಬೇಕು, ಇನ್ನೊಬ್ಬಳು ದಾರ ಸುತ್ತಬೇಕು. ರಾವಂದೂರಿನ ಪಕ್ಕದ ಊರಲ್ಲಿ, ಬೆಳೆಗಾರ ಚಿಕ್ಕಣ್ಣನ ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ, ಮೂರು ವರ್ಷ ರಮ್ಯ ಎಲೆ ಕೊಟ್ಟಿದ್ದಳು, ಪವಿತ್ರ ಕಟ್ಟಿದ್ದಳು. ಪವಿತ್ರಳಿಗೆ ಬೇರೆ ಗೆಳತಿಯರಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಈ ಸಲ ಚಿಕ್ಕಣ್ಣನ ತಂಗಿಯ ಮಗಳು ಅನುಶ್ರೀ ಕಾಲೇಜು ರಜೆಗೆಂದು ಮಿರ್ಲೆಯಿಂದ ಬಂದವಳು ರಮ್ಯಳ ಎದುರಿಗೇ ಕೂತುಬಿಟ್ಟಳು. ಪವಿತ್ರಳ ಪಾಲಿಗೆ ಬಂದದ್ದು ಕಿವಿ ಮಂದವಾದ ಮಂಗಳಮ್ಮ. ರಮ್ಯ, ಅನುಶ್ರೀ ನಕ್ಕಾಗೆಲ್ಲ ಪವಿತ್ರ ಅತ್ತ ತಿರುಗಿ ಗಂಟು ತಪ್ಪಿಸಿಕೊಳ್ಳುತ್ತಿದ್ದಳು.

"ಕಾಪಿ ಹೊಡಿಯೋದು ಇಮ್ಮಾರಲ್ ಅಂತ ನಮ್ ಮೇಡಂ ಬಯ್ತಾರೆ ಕಣೇ," ಅಂದಳು ಅನುಶ್ರೀ.

"ಅಂಗಂದ್ರೆ?"

"ನೀತಿಗೆಟ್ಟಿದ್ದು ಅಂತ. ಹಾಲಿಗೆ ನೀರು ಬೆರೆಸೋದೂ ಅದೇ, ಗಂಡನ್ನ ಬುಟ್ಟು ಇನ್ನೊಬ್ಬನ ಜೊತೆ ಓಡೋಗೋದೂ ಅದೇ."

"ಅಂಗಾರೆ ನಮ್ಮವ್ವನೂ ಇಮ್ಮಾರಲ್ಲೇ! ಡೈರಿ ಹಾಲಿಗೆ ದಿನಾ ಒಂದು ಚೊಂಬು ಉಯ್ತಾಳೆ," ಎಂದು ರಮ್ಯ ಬಿದ್ದು ಬಿದ್ದು ನಕ್ಕಳು.

ಪವಿತ್ರ ನಗಲಿಲ್ಲ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇಂಗ್ಲಿಷ್ ಪದವೊಂದು ಸಿಕ್ಕರೆ ಹೊಸ ಕುಡುಗೋಲು ಸಿಕ್ಕ ಹಾಗೆ. ಯಾವುದರ ಮೇಲಾದರೂ ಆಡಿಸಿ ನೋಡಬೇಕು.

ಸಂಜೆ ಡೈರಿಯ ಹತ್ತಿರ ರಮ್ಯಳ ತಾಯಿ ಮಲ್ಲಾಜಮ್ಮ ಸಿಕ್ಕಳು. "ಏನಮ್ಮಿ, ನಮ್ಮುಡುಗಿ ಈಗ ನಿನ್ ಜೊತೆ ಕಾಣೋದೇ ಇಲ್ವಲ್ಲ?"

"ಅನುಶ್ರೀ ಜೊತೆ ಸೇರವ್ಳೆ ಅತ್ತೆ. ಅವ್ಳು ಇಮ್ಮಾರಲ್ಲು."

ಮಾತು ಸಲೀಸಾಗಿ ಜಾರಿತು. ತನ್ನದಲ್ಲದ ಭಾಷೆಯಲ್ಲಿ ಬೈದರೆ ಬೈದಂತೆಯೇ ಅನಿಸುವುದಿಲ್ಲ.

"ಅಂಗಂದ್ರೇನವ್ವ?"

ಪವಿತ್ರ ನೆಲ ನೋಡಿದಳು. ಹಾಲು ನೀರಿನ ಮಾತು ಹೇಳಿ ನಕ್ಕುಬಿಡಬಹುದಿತ್ತು. "ನಡತೆ ನೆಟ್ಟಗಿಲ್ಲದೋಳು ಅಂತ," ಅಂದಳು.

ಮಲ್ಲಾಜಮ್ಮನ ಮುಖ ಕಪ್ಪಿಟ್ಟಿತು. "ಬಾಯಿ ಸತ್ತೋಳು ನೀನು. ನೀನೇ ಅಂದ್ಮೇಲೆ ದಿಟವೇ ಇರ್ಬೇಕು ಬುಡು."

ಮರುದಿನ ರಮ್ಯ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮಲ್ಲಾಜಮ್ಮ ಮಗಳನ್ನು ಸರಗೂರಿನ ಸೋದರಮಾವನ ಮನೆಗೆ ಸಾಗಿಸಿದ್ದಳು. ಜೋಡಿ ಕಳೆದುಕೊಂಡ ಅನುಶ್ರೀ ಮಂಗಳಮ್ಮನನ್ನು ಎಬ್ಬಿಸಿ ಪವಿತ್ರಳ ಎದುರಿಗೆ ಕೂತಳು. ಅವಳ ಕಣ್ಣು ಊದಿಕೊಂಡಿತ್ತು.

"ನನ್ ಮೇಲೆ ಯಾರೋ ಚಾಡಿ ಹೇಳವ್ರೆ ಕಣೇ. ಯಾರು ಅಂತ ನಿಂಗೇನಾರ ಗೊತ್ತಾ?"

"ಎಲೆ ಕೊಡು," ಅಂದಳು ಪವಿತ್ರ.

ಅನುಶ್ರೀ ಕೊಟ್ಟಳು. ಪವಿತ್ರ ದಾರ ಎಳೆದ ರಭಸಕ್ಕೆ ತೊಟ್ಟುಗಳು ಮುರಿದವು.