ಟಿವಿ ಇದ್ದ ಜಾಗ

ಬಾಗಿಲು ತೆಗೆದ ವೆಂಡೆಲ್‌ಗೆ ಮೊದಲು ಕಂಡದ್ದು ನೆರೆಯ ಗಾರ್ತನ ಅಂಗಾಲು. ಟ್ರೇಲರಿನ ಪುಟ್ಟ ನೆಲದ ಮೇಲೆ ಮಂಡಿಯೂರಿ, ತಲೆಯನ್ನು ಗೋಡೆಯ ಗೂಡಿನೊಳಗೆ ತೂರಿಸಿಕೊಂಡು ಏನನ್ನೋ ತಿರುಪುತ್ತಿದ್ದ. ಅವನ ಬೂಟುಗಳು ಹೊರಗೆ ಕಾಲೊರೆಸಿನ ಮೇಲೆ, ದಿನಾ ವೆಂಡೆಲ್ ಬಿಡುವ ಜಾಗದಲ್ಲೇ ಇದ್ದವು. ಹೆಂಡತಿ ನೆಡ್ರಾ ಪಕ್ಕದಲ್ಲಿ ನಿಂತು ಅಂಗೈಯಲ್ಲಿ ಸ್ಕ್ರೂಗಳನ್ನು ಹಿಡಿದುಕೊಂಡು ಒಂದೊಂದಾಗಿ ಕೊಡುತ್ತಿದ್ದಳು. ಗೂಡಿನಲ್ಲಿ ಟಿವಿ ಇರಲಿಲ್ಲ.

"ಟಿವಿ ಎಲ್ಲಿ?" ಅಂದ ವೆಂಡೆಲ್. ಗ್ಯಾಸ್ ತುಂಬಿಸಲು ಪೇಟೆಗೆ ಹೋಗಿದ್ದವನು ಸಿಲಿಂಡರನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದ.

"ಹೇಳಿದ್ನಲ್ಲೋ ಮೊನ್ನೆ," ಅಂದಳು ನೆಡ್ರಾ. "ಅದನ್ನ ತೆಗೆಸಿ ಕಪಾಟು ಮಾಡಿಸ್ಲಾ ಅಂತ ಕೇಳಿದ್ದಕ್ಕೆ ನೀನೇ ಹೂಂ ಅಂದೆ."

"ಯಾವಾಗ ಅಂದೆ?"

"ನೀನು ಆಟ ನೋಡ್ತಾ ಇದ್ದಾಗ."

ಬೇಸ್‌ಬಾಲ್ ನೋಡುವಾಗ ಅವನು ಯಾವುದಕ್ಕೆ ಹೂಂ ಅನ್ನುವುದಿಲ್ಲ! ಟ್ರೇಲರಿಗೆ ಬೆಂಕಿ ಬಿದ್ದಿದೆ ಏಳು ಅಂದರೂ ಹೂಂ ಅಂದು ಕೂತಿರುವ ಗಿರಾಕಿ. ಆದರೆ ಅದನ್ನು ಹೆಂಡತಿ ಇಬ್ಬರೇ ಇದ್ದಾಗ ಹೇಳುವುದು ಬೇರೆ, ಪರಗಂಡಸಿನ ಎದುರು ಹೇಳುವುದು ಬೇರೆ. ಸಿಲಿಂಡರನ್ನು ಧೊಪ್ಪೆಂದು ಇಳಿಸಿದ.

ಗಾರ್ತ್ ಗೂಡಿನಿಂದ ತಲೆ ಹೊರಗೆಳೆದು ನಕ್ಕ. "ಬೈಬೇಡ ಮಾರಾಯ. ಆ ಡಬ್ಬ ನಾನೇ ಹೊತ್ಕೊಂಡು ಹೋದೆ. ನೆಡ್ರಾ ಕೂಲಿ ಅಂತ ಕೊಟ್ಲು. ಪರದೆ ತುಂಬ ಬರೀ ಗೆರೆ ಅಲ್ವಾ ಅದರಲ್ಲಿ?"

"ಆ ಗೆರೆ ನನಗೆ ರೂಢಿಯಾಗಿತ್ತು," ಅಂದ ವೆಂಡೆಲ್.

ಅಮೆರಿಕದ ಮಿಶಿಗನ್ನಿನ ಹ್ಯೂರನ್ ಸರೋವರದ ದಂಡೆಯ ಈ ಬಿಡಾರದಲ್ಲಿ ಬೇಸಿಗೆ ಕಳೆಯುವವರೆಲ್ಲ ಹೀಗೆ ಗಾಲಿಯ ಮೇಲಿನ ಮನೆ ಎಳೆದುಕೊಂಡು ಬಂದವರೇ. ವೆಂಡೆಲ್ ಬದುಕೆಲ್ಲ ಶಾಲೆಯ ಬಸ್ಸು ಓಡಿಸಿದವನು. ಗಾರ್ತ್ ಹಲ್ಲಿನ ಡಾಕ್ಟರು. ಹೆಂಡತಿ ತೀರಿಕೊಂಡ ಮೇಲೆ ಮರಗೆಲಸದ ಹುಚ್ಚು ಹಿಡಿಸಿಕೊಂಡಿದ್ದ. ಚಡ್ಡಿಗೂ ಇಸ್ತ್ರಿ ಹಾಕುವ ಆಸಾಮಿ. ಶನಿವಾರದ ಊಟವಾದ ಮೇಲೆ ಇಸ್ಪೀಟಿಗೆ ಕೂತರೆ ನೆಡ್ರಾಗೆ ಅವನೇ ಜೊತೆಗಾರ, ಯಾಕೆಂದರೆ ಆ ಹೊತ್ತಿಗೆ ವೆಂಡೆಲ್ ಆಟ ನೋಡಲು ಒಳಗೆ ಹೋಗಿರುತ್ತಿದ್ದ. ಹೋದ ತಿಂಗಳು ಅವರಿಬ್ಬರೂ ಗೆದ್ದು ಒಂದು ಹಂದಿ ತೊಡೆಯನ್ನು ಬಹುಮಾನವಾಗಿ ತಂದಾಗ ವೆಂಡೆಲ್ ಅದನ್ನು ಬಾಯಿ ಚಪ್ಪರಿಸಿಕೊಂಡು ತಿಂದಿದ್ದ. ಈಗ ನೆನೆಸಿಕೊಂಡರೆ ನಾಲಿಗೆ ಕಹಿಯಾಯಿತು.

ಕಪಾಟು ಚೆನ್ನಾಗಿಲ್ಲ ಅನ್ನುವಂತಿದ್ದರೆ ಎಷ್ಟೋ ಸಮಾಧಾನವಿತ್ತು. ಹಾಳಾದ್ದು, ಅಂದವಾಗಿತ್ತು! ಅಷ್ಟು ವರ್ಷ ಟಿವಿ ಕೂತಿದ್ದ ಗೂಡಿನಲ್ಲಿ ಮೇಲೆ ಬಾಗಿಲಿರುವ ಎರಡು ಖಾನೆ, ಕೆಳಗೆ ಸಾಲಾಗಿ ಡ್ರಾಯರುಗಳು. ಮಾತ್ರೆ ಡಬ್ಬಿಗೊಂದು, ನೂಲಿನುಂಡೆಗೊಂದು, ಅವಳ ಕನ್ನಡಕಕ್ಕೊಂದು ಅಳತೆಗೊಪ್ಪುವ ಜಾಗ. ಮೇಲಿನ ಖಾನೆಯಲ್ಲಿ ಕಾಫಿಯ ಗಾಜಿನ ಭರಣಿ ಎಷ್ಟು ಸರಿಯಾಗಿ ಕೂತಿತ್ತೆಂದರೆ ಪಕ್ಕದಲ್ಲಿ ಬೆರಳು ತೂರುವಂತಿರಲಿಲ್ಲ. ಅವಳ ಕನ್ನಡಕದ ಅಗಲ ಈ ಮನುಷ್ಯನಿಗೆ ಹೇಗೆ ಗೊತ್ತು? ಕೇಳಿದರೆ ವೆಂಡೆಲ್‌ಗೇ ಗೊತ್ತಿರಲಿಲ್ಲ.

"ಇದು ನೋಡು," ಎಂದು ಗಾರ್ತ್ ಡ್ರಾಯರಿನ ನೆತ್ತಿಯಲ್ಲಿದ್ದ ಹಿತ್ತಾಳೆ ಗುಂಡಿಯನ್ನು ಒಳಕ್ಕೆ ಒತ್ತಿದ. ಟಕ್ ಅಂದಿತು. "ಒತ್ತಿಬಿಟ್ರೆ ಮುಗೀತು, ಯಾವ ಹಳ್ಳಕ್ಕೆ ಬಿದ್ರೂ ಬಾಯಿ ಬಿಡಲ್ಲ. ಇನ್ನೊಂದು ಸಲ ಒತ್ತಿದ್ರೆ ತೆಗೆಯುತ್ತೆ. ಹೊರಡೋ ಮುಂಚೆ ಖಾನೆ, ಡ್ರಾಯರು ಎಲ್ಲಾದ್ರ ಗುಂಡಿನೂ ಒತ್ತಿಬಿಡು."

"ನನಗೆ ಹೇಳಿಕೊಡ್ತೀಯಾ?"

"ಅಯ್ಯೋ, ನಿನಗೇನು ಹೇಳಿಕೊಡೋದು!"

ವೆಂಡೆಲ್ ಎಲ್ಲಕ್ಕಿಂತ ಕೆಳಗಿನ ದೊಡ್ಡ ಡ್ರಾಯರಿಗೆ ಕೈ ಹಾಕಿದ. ನೆಡ್ರಾ ಥಟ್ಟನೆ ಅವನ ಮಣಿಕಟ್ಟು ಹಿಡಿದಳು. "ಅದು ಬೇಡ. ಬಣ್ಣ ಒಣಗಿಲ್ಲ." ಹಾಗೆಂದು ಗಾರ್ತನ ಕಡೆ ನೋಡಿದಳು. ಗಾರ್ತ್ ನೆಲ ನೋಡಿದ. ಆ ಒಂದು ನೋಟ ಸಾಕಾಯಿತು. ವೆಂಡೆಲ್ ಕೈ ಬಿಡಿಸಿಕೊಂಡು ಹೊರಗೆ ನಡೆದ.

ಸಂಜೆ ಅವನು ಹೊರಗೆ ಮಡಚುಕುರ್ಚಿಯಲ್ಲಿ ಕೂತಿದ್ದಾಗ ಎರಡು ಟ್ರೇಲರಿನಾಚೆಯಿಂದ ಆಟದ ಗದ್ದಲ ಕೇಳಿಬಂತು. ಅವನದೇ ತಂಡ, ಅವನದೇ ಟಿವಿ, ಕೇಕೆ ಮಾತ್ರ ಗಾರ್ತನದು. ಬಿಡಾರದ ಆಫೀಸು ನೋಡಿಕೊಳ್ಳುವ ಟ್ವೈಲಾ ನಾಯಿ ಹಿಡಿದುಕೊಂಡು ಆ ಕಡೆಯಿಂದ ಬಂದಳು.

"ಏನಯ್ಯಾ ವೆಂಡೆಲ್, ನಿನ್ನ ಟಿವಿಯಲ್ಲಿ ಈಗ ಒಂದು ಗೆರೆಯೂ ಇಲ್ಲ! ಹಿಂದೆ ಯಾವುದೋ ವೈರು ಸಡಿಲವಾಗಿತ್ತಂತೆ. ಡಾಕ್ಟ್ರು ಬಿಗಿ ಮಾಡಿದ್ರಂತೆ, ಅಷ್ಟೇ."

"ಸಂತೋಷ."

"ಹೋಗಿ ಕೂತ್ಕೋಬಾರ್ದಾ ಅಲ್ಲಿ? ನಿನ್ನ ಹೆಂಡತಿನೂ ಅಲ್ಲೇ ಇದ್ದಾಳೆ."

ಟ್ವೈಲಾ ಹೋದ ಮೇಲೂ ಅವನು ಕೂತಲ್ಲಿಂದ ಏಳಲಿಲ್ಲ. ಗದ್ದಲದ ನಡುವೆ ನೆಡ್ರಾ ನಕ್ಕದ್ದು ಕೇಳಿಸಿತು. ಬಾಯಿ ತುಂಬ ನಗು. ಮದುವೆಯಾದ ಹೊಸದರಲ್ಲಿ ಇದೇ ದಂಡೆಯ ಮರಳಿನಲ್ಲಿ ರೇಡಿಯೋ ಇಟ್ಟುಕೊಂಡು ಆಟ ಕೇಳುವಾಗ ಹೀಗೆ ನಗುತ್ತಿದ್ದಳು. ಆಮೇಲೆ ಟಿವಿ ಬಂತು, ಅವನು ಒಳಗೆ ಕೂತ, ಅವಳು ಹೊರಗುಳಿದಳು. ತಾನು ಹೂಂ ಅಂದು ತಳ್ಳಿಬಿಟ್ಟ ಮಾತುಗಳನ್ನೆಲ್ಲ ಈ ಹಲ್ಲು ಕೀಳುವವನು ಕೂತು ಕೇಳುತ್ತಿದ್ದಾನೆ. ಹೀಗೇ ಆದರೆ ಇನ್ನು ತಾನು ಅವಳಿಗೆ ಯಾಕಾದರೂ ಬೇಕು? ಅದನ್ನು ಯೋಚಿಸಿದ್ದೇ ಅವನಿಗೆ ಭಯವಾಯಿತು. ಭಯವಾದದ್ದಕ್ಕೆ ಸಿಟ್ಟು ಬಂತು.

ಆ ವಾರವೇ ಗಂಡ ಹೆಂಡತಿ ಉತ್ತರಕ್ಕೆ ಹೊರಡಬೇಕಿತ್ತು. ದೊಡ್ಡ ಸೇತುವೆಯಾಚೆ, ಕಾಡಿನ ನಡುವಿನ ಒಂದು ಸಣ್ಣ ಬಿಡಾರದಲ್ಲಿ ತಮ್ಮ ಮದುವೆಯ ವಾರ್ಷಿಕ ದಿನ ಕಳೆಯುವುದು ಪ್ರತಿ ವರ್ಷದ ರೂಢಿ. ಹೊರಟ ದಿನ ಗಾರ್ತ್ ಬೆಳಿಗ್ಗೆಯೇ ಬಂದು ನೆಡ್ರಾ ಕೈಗೆ ಚೆರ್ರಿ ಹಣ್ಣಿನ ಬುಟ್ಟಿ ಕೊಟ್ಟು, ಕಿವಿಯಲ್ಲಿ ಏನೋ ಹೇಳಿ ಹೋದ. ಅವಳು ನಗುತ್ತ ಪಿಕಪ್ಪು ಹತ್ತಿ ಕೂತಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಅವಳು ಟ್ರೇಲರಿನ ಚಿಲಕ ಗಿಲಕ ನೋಡಿದವಳಲ್ಲ. "ನೀನು ನೋಡಿದ್ಯಲ್ಲ, ಸಾಕು" ಅನ್ನುತ್ತಿದ್ದಳು.

ಹೌದು, ಅವನು ನೋಡಿದರೆ ಸಾಕು. ಬಸ್ಸಿನ ಕಾಲದಿಂದಲೂ ಹೊರಡುವ ಮುಂಚೆ ಒಂದು ಸುತ್ತು ಹಾಕದೆ ಚಕ್ರ ಉರುಳಿಸಿದವನಲ್ಲ. ಕೊಂಡಿ, ಸರಪಳಿ, ದೀಪ, ಗಾಲಿ, ಮಡಚುವ ಮೆಟ್ಟಿಲು. ಆಮೇಲೆ ಒಳಗೆ ಬಂದು ಫ್ರಿಜ್ಜಿನ ಚಿಲಕ, ಕಿಟಕಿಗಳು. ಕೊನೆಗೆ ಹೊಸ ಕಪಾಟಿನ ಎದುರು ನಿಂತ. ಹಿತ್ತಾಳೆ ಗುಂಡಿಗಳು ಹೊರಕ್ಕೆ ನಿಂತು ಥಳಥಳಿಸುತ್ತಿದ್ದವು. ಬೆರಳನ್ನು ಒಂದರ ಮೇಲೆ ಇಟ್ಟ. ಇಟ್ಟು, ತೆಗೆದುಬಿಟ್ಟ.

ನಾನೇನೂ ಕೆಡಿಸಲಿಲ್ಲವಲ್ಲ, ಅಂದುಕೊಂಡ. ಸುಮ್ಮನೆ ಒತ್ತಲಿಲ್ಲ, ಅಷ್ಟೇ. ಡಾಕ್ಟ್ರ ಕೆಲಸ ಎಷ್ಟು ಗಟ್ಟಿ ಅಂತ ಅವಳೇ ನೋಡಲಿ.

ಹೆದ್ದಾರಿಯಲ್ಲಿ ಏನೂ ತೊಂದರೆಯಿರಲಿಲ್ಲ. ಸೇತುವೆ ದಾಟಿ ಕಾಡಿನ ದಾರಿ ಹಿಡಿದ ಮೇಲೆ ಗಾಡಿ ಕುಲುಕತೊಡಗಿತು. ಪ್ರತಿ ಕುಲುಕಿಗೂ ಅವನ ಕಿವಿ ಹಿಂದಿನ ಟ್ರೇಲರಿಗೆ ಹೋಗುತ್ತಿತ್ತು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ರೈಲಿನ ಹಳಿ ಅಡ್ಡ ಬಂದಾಗ ನಿಲ್ಲಿಸಿದ. ಗಾಡಿಯಲ್ಲಿ ಮಕ್ಕಳಿಲ್ಲದಿದ್ದರೂ ಹಳಿ ಕಂಡರೆ ನಿಂತು, ಕಿಟಕಿ ಇಳಿಸಿ, ರೈಲಿನ ಸದ್ದಿಗೆ ಕಿವಿ ಕೊಡುವ ಶಾಲೆ ಬಸ್ಸಿನ ಕಾಲದ ಅಭ್ಯಾಸ ಅವನಿಂದ ಹೋಗಿರಲಿಲ್ಲ. ಇಳಿದು ಹೋಗಿ ಒತ್ತಿಬಿಟ್ಟರೆ? ಅರ್ಧ ನಿಮಿಷದ ಕೆಲಸ. ಅವನ ಕೈ ಬಾಗಿಲಿನ ಹಿಡಿಗೆ ಹೋಯಿತು.

ನೆಡ್ರಾ ಚೆರ್ರಿ ಬೀಜವನ್ನು ಕಿಟಕಿಯಾಚೆ ಉಗುಳಿ, "ಗಾರ್ತ್ ಬಂದಿದ್ರೆ ಎಷ್ಟು ಖುಷಿಪಡ್ತಿದ್ದ ಅಲ್ವಾ? ಈ ಮರಗಳನ್ನ ನೋಡು," ಅಂದಳು.

ವೆಂಡೆಲ್ ಹಿಡಿಯಿಂದ ಕೈ ತೆಗೆದು ಗೇರು ಹಾಕಿದ. ಹಳಿಯ ಮೇಲೆ ಎಂದೂ ಹೋಗದಷ್ಟು ಜೋರಾಗಿ ಹೋದ. ಹಿಂದೆ ಟ್ರೇಲರು ಎಗರಿ ಬಿತ್ತು.

"ಮೆಲ್ಲಗೆ ಮಾರಾಯ!" ಅಂದಳು ನೆಡ್ರಾ.

ಬಿಡಾರ ಸೇರಿ ಬಾಗಿಲು ತೆಗೆದವಳು ಅವಳೇ. ಒಳಗೆ ಕಾಲಿಡದೆ ಮೆಟ್ಟಿಲ ಮೇಲೇ ನಿಂತಳು. ನೆಲದ ತುಂಬ ಕಾಫಿಪುಡಿ, ಅದರಲ್ಲಿ ಭರಣಿಯ ಚೂರು, ಚೂರುಗಳ ನಡುವೆ ಬಣ್ಣಬಣ್ಣದ ನೂಲು. ಖಾನೆ, ಡ್ರಾಯರು ಎಲ್ಲ ಬಾಯಿಬಿಟ್ಟುಕೊಂಡಿದ್ದವು. ಕೆಳಗಿನ ದೊಡ್ಡದು ಪೂರ್ತಿ ಕಳಚಿ ಮಗುಚಿಕೊಂಡು ಬಿದ್ದಿತ್ತು.

ವೆಂಡೆಲ್ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದ ಮಾತನ್ನು ಆಡಿದ. "ನೋಡಿದ್ಯಾ ನಿನ್ನ ಡಾಕ್ಟ್ರ ಕೆಲಸ? ಹಲ್ಲು ಕೀಳೋದು ಬಿಟ್ಟು ಮರಕ್ಕೆ ಕೈ ಹಾಕಿದ್ರೆ ಹೀಗೇ."

ನೆಡ್ರಾ ಪುಡಿಯ ಮೇಲೆ ಹೆಜ್ಜೆಯಿಟ್ಟು ಹೋಗಿ ಮೇಜಿನ ಕೆಳಗೆ ಬಗ್ಗಿದಳು. ಎದ್ದಾಗ ಅವಳ ಕೈಯಲ್ಲಿ ಒಂದು ಕೆಂಪು ರೇಡಿಯೋ ಇತ್ತು. ಮೂಲೆ ಒಡೆದು, ಒಳಗಿನ ತಂತಿ ಕಾಣುತ್ತಿತ್ತು. ಹಿಡಿಗೆ ಸುತ್ತಿದ್ದ ನೀಲಿ ಟೇಪು ನೋಡಿ ವೆಂಡೆಲ್‌ಗೆ ಗುರುತು ಹತ್ತಿತು. ಆ ಟೇಪು ಸುತ್ತಿದವನು ಅವನೇ, ಮದುವೆಯಾದ ಬೇಸಿಗೆಯಲ್ಲಿ, ಮರಳಿನ ಮೇಲೆ ಕೂತುಕೊಂಡು.

"ಇದು ಎಲ್ಲಿತ್ತು?" ಅವನ ದನಿ ಸಣ್ಣದಾಗಿತ್ತು.

"ಊರಲ್ಲಿ ನಮ್ಮನೆ ನೆಲಮಾಳಿಗೇಲಿ. ಗಾರ್ತ್ ರಿಪೇರಿ ಮಾಡಿಸಿಕೊಟ್ಟ. ಆ ದೊಡ್ಡ ಡ್ರಾಯರನ್ನ ಇದರ ಅಳತೆಗೇ ಮಾಡಿದ್ದು. ನಾಳೆ ಕೊಡೋಣ ಅಂತಿದ್ದೆ." ರೇಡಿಯೋವನ್ನು ಎದೆಗೆ ಒತ್ತಿಕೊಂಡು ಒರೆಸಿದಳು. "ಟಿವಿ ಇಲ್ದೇ ಹೋದ್ರೆ ನೀನು ಹೊರಗೆ ಬಂದು ನನ್ನ ಪಕ್ಕ ಕೂತ್ಕೋತೀಯ ಅಂದ್ಕೊಂಡೆ."

ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಕಪಾಟಿನ ಹತ್ತಿರ ಹೋಗಿ ಒಂದು ಡ್ರಾಯರು ಮುಚ್ಚಿ ಗುಂಡಿ ಒತ್ತಿದಳು. ಟಕ್. ಎಳೆದಳು, ಬರಲಿಲ್ಲ. ಎರಡೂ ಕೈಯಲ್ಲಿ ಜಗ್ಗಿದಳು, ಆಗಲೂ ಬರಲಿಲ್ಲ. ತಿರುಗಿ ಗಂಡನ ಮುಖ ನೋಡಿದಳು.

"ಮರೆತ್ಯಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳು ಆ ಮಾತನ್ನು ಅವನ ಕೈಗೇ ಕೊಟ್ಟಿದ್ದಳು. ಅವಳಿಗೂ ಆ ಹೂಂ ಬೇಕಿತ್ತು ಅನ್ನುವುದು ಅವಳ ಕಣ್ಣಲ್ಲೇ ಕಾಣುತ್ತಿತ್ತು. ಜೀವಮಾನವಿಡೀ ಕಿವಿಗೆ ಹಾಕಿಕೊಳ್ಳದೆ ಹೂಂ ಅಂದವನಿಗೆ ಅದೇನು ಕಷ್ಟ! ಆದರೆ ಈ ಸಲ ಅವನು ಪ್ರಶ್ನೆಯನ್ನು ಕೇಳಿಸಿಕೊಂಡಿದ್ದ.

"ಇಲ್ಲ," ಅಂದ. "ಬೇಕಂತಲೇ ಒತ್ತಲಿಲ್ಲ."

"ಯಾಕೆ?"

"ಅವನ ಹತ್ರ ನಗ್ತೀಯ."

ನೆಡ್ರಾ ಪೊರಕೆ ತೆಗೆದುಕೊಂಡಳು. ಅವನು ಕಸದ ಮೊರ ಹಿಡಿಯಲು ಬಗ್ಗಿದ. "ನೀನು ಆಚೆ ಹೋಗು, ಗಾಜು ಚುಚ್ಚುತ್ತೆ," ಅಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮದುವೆಯ ದಿನ ಸಂಜೆ ಇಬ್ಬರೂ ಹೊರಗೆ, ರೇಡಿಯೋವನ್ನು ನಡುವೆ ಇಟ್ಟುಕೊಂಡು ಕೂತರು. ವೆಂಡೆಲ್ ತಂತಿ ಸೇರಿಸಿ ಕಟ್ಟಿದ್ದ. ಗುಂಡಿ ತಿರುಗಿಸಿದರೆ ಬರೀ ಕರಕರ. ಎಲ್ಲೋ ಒಮ್ಮೊಮ್ಮೆ ಜನ ಕೂಗಿದಂತೆ, ಯಾರೋ ಅಂಕ ಹೇಳಿದಂತೆ ಕೇಳಿಸುತ್ತಿತ್ತು.

"ಯಾರು ಗೆಲ್ತಿದ್ದಾರೆ?" ಅಂದಳು ನೆಡ್ರಾ.

"ಗೊತ್ತಾಗ್ತಿಲ್ಲ," ಅಂದ ಅವನು. ಕತ್ತಲಾಗುವ ತನಕ ಆರಿಸಲಿಲ್ಲ.

ಹೊರಡುವ ಬೆಳಿಗ್ಗೆ ವೆಂಡೆಲ್ ತನ್ನ ಸುತ್ತು ಹಾಕಿದ. ಕೊಂಡಿ, ಸರಪಳಿ, ದೀಪ, ಗಾಲಿ. ಒಳಗೆ ಫ್ರಿಜ್ಜು, ಕಿಟಕಿ, ಕಪಾಟು. ಗುಂಡಿಗಳನ್ನೆಲ್ಲ ಒತ್ತಿ, ಒಂದೊಂದನ್ನೂ ಎಳೆದು ನೋಡಿದ. ಬಂದು ಪಿಕಪ್ಪಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ. ನೆಡ್ರಾ ಟವೆಲಿನಲ್ಲಿ ಸುತ್ತಿದ ರೇಡಿಯೋವನ್ನು ಸೀಟಿನ ಮೇಲೆ ಇಟ್ಟಳು. ತಾನು ಹತ್ತಲಿಲ್ಲ.

"ನೋಡಿದೀನಿ," ಅಂದ ವೆಂಡೆಲ್.

"ಹೂಂ," ಅಂದಳು ಅವಳು, ಟ್ರೇಲರಿನ ಕಡೆ ನಡೆಯುತ್ತ.

ಅವನು ಎಂಜಿನ್ ಆರಿಸಿ ಕಿಟಕಿ ಇಳಿಸಿದ. ಕನ್ನಡಿಯಲ್ಲಿ ತೆರೆದ ಬಾಗಿಲು ಮಾತ್ರ ಕಾಣುತ್ತಿತ್ತು. ಟಕ್ ಅಂತ ಒಂದು ಗುಂಡಿ ಬಿಚ್ಚಿದ ಸದ್ದು, ಮತ್ತೆ ಟಕ್ ಅಂತ ಒತ್ತಿದ ಸದ್ದು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಎಲ್ಲಕ್ಕಿಂತ ಕೆಳಗಿನ ಡ್ರಾಯರು ಖಾಲಿಯಿತ್ತು. ಅವಳು ಅದನ್ನೂ ಬಿಚ್ಚಿ ಒತ್ತಿದಳು.