ಸಹಜ ಆಟದ ತಾಲೀಮು

ಶಿಶುವಿಹಾರದ ಒಡತಿ ಎಲ್ಲಿಗಾದರೂ ತರಬೇತಿಗೆ ಹೊರಟರೆ ಸಾಕು, ಟೀಚರಮ್ಮ ಅಟ್ಟದಲ್ಲಿ ಜಾಗ ಮಾಡಿಡುತ್ತಿದ್ದಳು. ಬರುವಾಗ ಆಕೆ ಹೊಸ ಪದ್ಧತಿಯೊಂದನ್ನು ಹೊತ್ತುಕೊಂಡೇ ಬರುತ್ತಿದ್ದಳು. ಒಮ್ಮೆ ಕರಿಹಲಗೆ ಅಟ್ಟ ಸೇರಿತು. ಇನ್ನೊಮ್ಮೆ ಪ್ಲಾಸ್ಟಿಕ್ ಆಟಿಕೆಗಳೆಲ್ಲ ಗುಜರಿ ಪಾಲಾಗಿ ಮರದ ಮಣಿಗಳು ಬಂದವು. ಒಂದು ಮಣಿ ಯಾವುದೋ ಮಗುವಿನ ಮೂಗಿನೊಳಗೆ ಸಿಕ್ಕಿಕೊಂಡ ಮೇಲೆ ಅವೂ ಅಟ್ಟ ಹತ್ತಿದವು. ಈ ಸಲದ್ದು ‘ಸಹಜ ಆಟ’. ಮಕ್ಕಳು ಮನಸ್ಸಿಗೆ ಬಂದಂತೆ ಆಡುವುದು, ದೊಡ್ಡವರು ದೂರ ಕೂತು ನೋಡಿಯೇ ಅವರ ಕಲಿಕೆ ಅಳೆಯುವುದು.

‘ಆಹಾ, ಎಂಥಾ ಶೋಧ! ಇಷ್ಟು ದಿನ ಮಕ್ಕಳು ಅರ್ಜಿ ಹಾಕ್ಕೊಂಡು ಆಡ್ತಿದ್ದವೇನೋ’ ಎಂದುಕೊಂಡಳು ಟೀಚರಮ್ಮ. ಬಾಯಲ್ಲಿ ಮಾತ್ರ, “ತುಂಬಾ ಚೆನ್ನಾಗಿದೆ ಮೇಡಂ” ಅಂದಳು.

“ಚೆನ್ನಾಗಿದ್ದರೆ ಸಾಲದು. ಮುಂದಿನ ವಾರ ಮೌಲ್ಯಮಾಪಕರು ಬರ್ತಾರೆ. ಅಷ್ಟರಲ್ಲಿ ಸಹಜ ಆಟದ ತಾಲೀಮು ಮುಗೀಬೇಕು.”

“ತಾಲೀಮೇ?”

“ಮತ್ತೆ? ಹಾಗೇ ಬಿಟ್ಟರೆ ಕಿತ್ತಾಡ್ಕೋತವೆ. ಒಳ್ಳೆ ದರ್ಜೆ ಯಾರು ಕೊಡ್ತಾರೆ?”

ತಾಲೀಮು ನಡೆಯಿತು. ಕೆಂಪು ಅಂಗಿಯ ಹುಡುಗ ಮರದ ತುಂಡುಗಳಿಂದ ಗೋಪುರ ಕಟ್ಟಬೇಕು, ಅದು ಬೀಳಬೇಕು, ಅವನು ಅಳಬಾರದು. ಎರಡು ಜಡೆಯವಳು ಓಡಿಬಂದು “ನಾನೂ ಸಹಾಯ ಮಾಡ್ಲಾ?” ಅನ್ನಬೇಕು. ಸರಿಯಾಗಿ ಮಾಡಿದವರಿಗೆ ಬಿಸ್ಕತ್ತು. ಹಂಚುವಾಗ ಟೀಚರಮ್ಮನಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಆದರೂ ಹಂಚಿದಳು.

ತಾಲೀಮಿಗೆ ಬಗ್ಗದವಳು ಗುಮ್ಮಿಯೊಬ್ಬಳೇ. ಬಾಯಿ ಬಿಡದ ಮಗುವಿಗೆ ಒಡತಿಯೇ ಇಟ್ಟ ಅಡ್ಡಹೆಸರು ಅದು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆಂದು ಅವಳಮ್ಮ ಹೇಳಿದ್ದಳು, ಇಲ್ಲಿ ತುಟಿಪಿಟಕ್ಕೆನ್ನುತ್ತಿರಲಿಲ್ಲ.

“ಆವತ್ತು ಅವಳಿಗೆ ರಜ ಕೊಡಿ. ಮಾನ ಹೋಗುತ್ತೆ” ಎಂದಳು ಒಡತಿ.

ಗುಮ್ಮಿಯ ಅಮ್ಮ ಬಸ್ ಕಂಡಕ್ಟರ್. ಮಗುವನ್ನು ಬಿಟ್ಟುಬರಲು ಬೇರೆ ಜಾಗವಿಲ್ಲದ್ದರಿಂದ ಆ ದಿನವೂ ಕರೆತಂದಳು. ಅಡುಗೆಕೋಣೆಯಲ್ಲಿ ಕೂರಿಸಿ ಎಂದು ಒಡತಿ ಕಣ್ಸನ್ನೆ ಮಾಡಿದಳು. ಟೀಚರಮ್ಮ ಮಗುವಿನ ಕೈ ಹಿಡಿದು ಅಡುಗೆಕೋಣೆಯ ಬಾಗಿಲವರೆಗೂ ಹೋದಳು. ಒಳಗೆ ಗ್ಯಾಸಿನ ಸಿಲಿಂಡರು, ಒದ್ದೆ ನೆಲ. ‘ಥೂ, ಇಷ್ಟಕ್ಕೂ ಇಳಿದುಬಿಡ್ತೀನಾ?’ ಎಂದು ತಿರುಗಿ, ನೇರ ಆಟದ ಕೋಣೆಗೆ ಕರೆತಂದು ಕೂರಿಸಿದಳು.

ಮೌಲ್ಯಮಾಪಕ ಮಕ್ಕಳ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತಿದ್ದ. ಗೋಪುರ ಎದ್ದಿತು, ಬಿತ್ತು. ಕೆಂಪು ಅಂಗಿಯವ ಅಳಲಿಲ್ಲ. ಟೀಚರಮ್ಮನ ಕಡೆ ತಿರುಗಿ ಬಿಸ್ಕತ್ತಿಗೆ ಕೈ ಚಾಚಿದ.

“ನೋಡಿದಿರಾ, ಸಹಭಾಗಿತ್ವಕ್ಕೆ ಆಹ್ವಾನ!” ಎಂದು ಮೌಲ್ಯಮಾಪಕ ಪುಳಕಗೊಂಡ.

ಅಷ್ಟರಲ್ಲಿ ಗುಮ್ಮಿ ಎದ್ದು ಬಂದಳು. ಅವನ ಪಕ್ಕದಲ್ಲಿದ್ದ ಕನ್ನಡಕದ ಡಬ್ಬಿ ತೆರೆದು ಅದರೊಳಗೆ ಪುಟ್ಟ ಮರದ ತುಂಡೊಂದನ್ನು ಮಲಗಿಸಿದಳು. ಕನ್ನಡಕ ಒರೆಸುವ ಬಟ್ಟೆಯನ್ನು ಅದಕ್ಕೆ ಹೊದಿಸಿ, ತಟ್ಟುತ್ತಾ, “ಜ್ವರ ಬಂದಿದೆ. ಅಮ್ಮ ಡ್ಯೂಟಿ ಮುಗಿಸಿ ಬರ್ತಾಳೆ, ಅಳಬೇಡ” ಎಂದು ಪಿಸುಗುಟ್ಟಿದಳು.

ಮೌಲ್ಯಮಾಪಕ ಡಬ್ಬಿ ಕಸಿದುಕೊಂಡ. “ಈ ಮಗುವಿಗೆ ಗಮನ ಕಡಿಮೆ. ಕೊಟ್ಟ ಸಾಮಗ್ರಿ ಬಿಟ್ಟು ಬೇರೇದಕ್ಕೆ ಕೈ ಹಾಕುತ್ತೆ.”

“ಸರ್, ಈ ಕೋಣೇಲಿ ಇವತ್ತು ಆಟ ಆಡಿದ್ದು ಅವಳೊಬ್ಬಳೇ. ಉಳಿದದ್ದೆಲ್ಲ ನಾನು ಬಿಸ್ಕತ್ತು ಕೊಟ್ಟು ಕಲಿಸಿದ್ದು.”

ಒಡತಿಯ ಮುಖ ಬಿಳಿಚಿತು. ಮೌಲ್ಯಮಾಪಕ ಮಾತ್ರ ನಕ್ಕ. “ಎಲ್ಲಾ ಕಡೆ ಕಲಿಸ್ತಾರಮ್ಮಾ. ನೀವು ಅಚ್ಚುಕಟ್ಟಾಗಿ ಕಲಿಸಿದ್ದೀರಿ.”

ಶಿಶುವಿಹಾರಕ್ಕೆ ಮೊದಲ ದರ್ಜೆ ಸಿಕ್ಕಿತು. ಇಂಥವರ ಮುಂದೆ ನಿಜ ಹೇಳುವುದಕ್ಕೂ ಗೋಡೆಗೆ ಹೇಳುವುದಕ್ಕೂ ಏನು ವ್ಯತ್ಯಾಸ ಎಂದು ಟೀಚರಮ್ಮನಿಗೆ ರೇಜಿಗೆಯಾಯಿತು.

ಮೌಲ್ಯಮಾಪಕ ಹೊರಟಮೇಲೆ ಒಡತಿ ಹಲ್ಲು ಕಡಿದಳು. “ನಿಮ್ಮ ವಿಚಾರ ಆಮೇಲೆ ನೋಡ್ಕೋತೀನಿ. ಮೊದಲು ಆ ಮಗೂನ ಬೇರೆ ಕಡೆ ಸೇರಿಸಿ ಅಂತ ಅವಳಮ್ಮನಿಗೆ ಹೇಳಿ.”

“ನಾನು ಹೇಳಲ್ಲ. ನೀವೇ ಹೇಳಿ.”

ಸಂಜೆ ಗೇಟಿನ ಬಳಿ ಕಂಡಕ್ಟರಮ್ಮ ಬಂದು ನಿಂತಳು. ಮೈಮೇಲೆ ಖಾಕಿ ಸಮವಸ್ತ್ರ, ಹೆಗಲಲ್ಲಿ ಚರ್ಮದ ಚೀಲ, ಬಸ್ಸಿನ ತುಂಬ ಕೂಗಿ ಒರಟಾದ ಗಂಟಲು.

“ಏನಂತೆ ನಮ್ಮ ಹುಡುಗಿ ವಿಷಯ?”

ಒಡತಿ ಸೆರಗು ಸರಿಮಾಡಿಕೊಂಡಳು, ಕೆಮ್ಮಿದಳು. ಸಭೆಗಳಲ್ಲಿ ಗಂಟೆಗಟ್ಟಲೆ ಕೊರೆಯುವ ನಾಲಗೆ ಆ ಸಮವಸ್ತ್ರದ ಮುಂದೆ ಅಂಗುಳಕ್ಕೆ ಅಂಟಿಕೊಂಡಿತು.

“ಏನಿಲ್ಲಮ್ಮಾ... ಮಗು ತುಂಬಾ ಚುರುಕು.”

“ಅದು ನಂಗೊತ್ತಿಲ್ವಾ? ಅದರ ನೀರಿನ ಬಾಟ್ಲಿ ಎಲ್ಲಿ ಅಂತ ಹೇಳಿ, ಬಸ್ಸು ಹೊರಡುತ್ತೆ.”

ಒಡತಿಯೇ ಓಡಿಹೋಗಿ ಬಾಟಲಿ ತಂದುಕೊಟ್ಟಳು. ಟೀಚರಮ್ಮ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ನಿಂತಳು.