ಫ್ಲಾರೆನ್ಸಿನ ಮನೆಬಾಗಿಲಲ್ಲಿ ಒಂದು ಜೊತೆ ಬೂಟು

ಎಲ್ಲಿಂದ ಶುರು ಮಾಡುವುದು? ಬಾಗಿಲಿನಿಂದ ಎಂದುಕೊಂಡರೆ ಬಾಗಿಲಲ್ಲೇ ತಕರಾರು.

೧
ಇಸವಿ ೧೮೫೫. ಫ್ಲಾರೆನ್ಸಿಗೆ ಕಾಲರಾ ಬಂದಿದೆ. ಪರದೇಶದ ಹೆಸರುವಾಸಿಗಳು ಒಬ್ಬರ ಹಿಂದೊಬ್ಬರು ಬಾಡಿಗೆಗಿದ್ದ ಹಳೆಯ ಮನೆ. ಪಿಯಾನೋ ನುಡಿಸುವ ರಷ್ಯನ್ ಕೆಳಗೆ; ಮೇಲೆ ಇಂಗ್ಲಿಷ್ ಚಿತ್ರಕಾರ್ತಿ ಮಿಸೆಸ್ ಹಾಲ್‌ವರ್ತ್. ಲಂಡನ್ನಿಗೆ ಹೋದ ಗಂಡನ ದಾರಿ ಕಾಯುತ್ತಿದ್ದ ಆಕೆ ಬಾಗಿಲಲ್ಲಿ ಬೂಟು ಕಳಚಿಟ್ಟು ಒಳಗೆ ಬಂದಳು.

(ಬೂಟು ಕಳಚಿ? ಇಟಲಿಯಲ್ಲಿ? ಹೊಡೆದುಹಾಕಿ. ಹರ್ಷಿಣಿ ಇಟಲಿ ನೋಡಿದ್ದು ಕುಕ್ಕರ್ ಮೂರು ಸೀಟಿ ಹಾಕುವಷ್ಟು ಹೊತ್ತು, ಫೋನಿನಲ್ಲಿ. ಜಪಾನಿನ ತ್ಸುಕುಬಾದಲ್ಲಿ ಆರು ವರ್ಷ ಸಂಸಾರ ಮಾಡಿದವಳ ಕಥೆಯಲ್ಲಿ ಎಲ್ಲರೂ ಬೂಟು ಬಿಟ್ಟೇ ಒಳಬರುತ್ತಾರೆ. ಹರ್ಷಿಣಿ ಯಾರು ಅಂದಿರಾ? ಇದನ್ನು ಬರೆಯುತ್ತಿರುವವಳೇ. ನಾನು ಎನ್ನಲು ಸಂಕೋಚ.)

೨
"ಅಮ್ಮಾ, ನಿನ್ನ ಕಥೆಯ ಆ ಅಂಕಲ್ ಬಂದ್ರಾ?" ಆನ್‌ಲೈನ್ ಕ್ಲಾಸನ್ನು ಮ್ಯೂಟ್ ಮಾಡಿ ಮಗಳು ಸಂಜನಾ ಕೇಳಿದಳು.

"ಇಲ್ಲ ಪುಟ್ಟಿ. ಕಾಲರಾ ಅಲ್ವಾ, ದಾರಿ ಎಲ್ಲಾ ಬಂದ್."

"ಅಪ್ಪನ ಥರಾನೇ?"

ತಂಗಿಯ ಮದುವೆಗೆಂದು ಶ್ರೀನಾಥ ಮಾರ್ಚಿನಲ್ಲಿ ಹತ್ತು ದಿನಕ್ಕೆ ಮೈಸೂರಿಗೆ ಹೋದ. ಅಷ್ಟರಲ್ಲಿ ಕೊರೋನಾ ಎಂದು ಜಪಾನ್, ವೀಸಾ ಇದ್ದವರಿಗೂ ಗಡಿ ಮುಚ್ಚಿತು. ಈಗ ಜುಲೈ. ಅವನ ಆಫೀಸ್ ಬೂಟು ಬಾಗಿಲೊಳಗೆ, ಚಪ್ಪಲಿ ಬಿಡುವ ಗೆಂಕಾನಿನಲ್ಲಿದೆ. ಹೊರಡುವಾಗ ಸಲೀಸಾಗಿ ಕಾಲು ತೂರಿಸಲೆಂದು, ಇಲ್ಲಿಯ ಪದ್ಧತಿಯಂತೆ, ಮೂತಿ ಹೊರಗೆ ಮಾಡಿ ಹರ್ಷಿಣಿಯೇ ಇಟ್ಟದ್ದು.

೩
ಮಿಸೆಸ್ ಹಾಲ್‌ವರ್ತ್ ತಿರುಗಿಬಿದ್ದಳು. "ನಿನ್ನ ಗಂಡ ಬರಲಿಲ್ಲ ಅಂತ ನನ್ನ ಗಂಡನನ್ನೂ ತಡೆದು ಕೂತಿದ್ದೀಯಲ್ಲ, ಇದ್ಯಾವ ನ್ಯಾಯ?"

(ಅವಳಿಗೆ ಕನ್ನಡ ಯಾರು ಕಲಿಸಿದರೋ. ಇರಿ, ಒಗ್ಗರಣೆ ಸೀಯುತ್ತಿದೆ.)

೪
ಒಂದು ಕೊನೆ: ಕುದುರೆಗಾಡಿ ಬಂತು, ಗಂಡ ಇಳಿದ. (ಇದನ್ನು ಓದಿ ಹೇಳಿದರೆ ಸಂಜನಾ, "ಹಾಗಾದ್ರೆ ಅಪ್ಪ ನಾಳೆ!" ಅನ್ನುತ್ತಾಳೆ. ಬೇಡ.)

ಇನ್ನೊಂದು: ಸಾವಿನ ಸುದ್ದಿಯ ಕಪ್ಪು ಅಂಚಿನ ಕಾಗದ ಬಂತು. (ಬಿಡ್ತು ಅನ್ನಿ.)

ಆಮೇಲೆ ಬಂದದ್ದು ಶ್ರೀನಾಥನ ಫೋನು. "ಈ ತಿಂಗಳೂ ಆಗಲ್ವಂತೆ ಹರ್ಷಿ. ಪುಟ್ಟಿಗೆ ನೀನೇ ಹೇಳ್ಬಿಡು."

ಹೇಳಲಿಲ್ಲ. ಪೊರಕೆ ಹಿಡಿದು ಗೆಂಕಾನಿಗೆ ಹೋದಳು. ಬೂಟುಗಳ ಮೂತಿ ಮನೆಯೊಳಕ್ಕೆ ತಿರುಗಿತ್ತು.

"ಯಾರೇ ತಿರುಗಿಸಿದ್ದು?"

"ನಾನೇ. ಹೊರಗೆ ನೋಡ್ತಿದ್ರೆ ಹೋಗೋರ ಶೂಸ್. ಹೀಗಿದ್ರೆ ಜಸ್ಟ್ ಈಗ ಬಂದೋರದ್ದು. ಸ್ಕೂಲಿನ ಸೆನ್ಸೇ ನೋಡಿದ್ರೆ ಬೈತಾರೆ. ಬಟ್ ಇರ್ಲಿ, ಅಮ್ಮಾ."

ಸರಿಮಾಡಲು ಬಗ್ಗಿದ ಹರ್ಷಿಣಿ ಹಾಗೇ ನಿಂತಳು.

೫
ಹೊಡೆದುಹಾಕಿದ ಬೂಟಿನ ಸಾಲು ಬೇಕು, ವಾಪಸ್ ತನ್ನಿ. ಫ್ಲಾರೆನ್ಸಿನ ಆ ಬಾಗಿಲಲ್ಲಿ ಈಗ ಗಂಡಸಿನ ಒಂದು ಜೊತೆ ಬೂಟೂ ಇದೆ, ಮೂತಿ ಒಳಗೆ. ಮಿಸೆಸ್ ಹಾಲ್‌ವರ್ತ್ ಕುಂಚ ಹಿಡಿದು ಅದನ್ನೇ ನೋಡುತ್ತಿದ್ದಾಳೆ.

ಅವನು ಬಂದನೇ ಎಂದು ಕೇಳಬೇಡಿ. ನಾನು ಬೂಟುಗಳನ್ನು ಅಲುಗಿಸದೆ ಸುತ್ತ ಗುಡಿಸುತ್ತಿದ್ದೇನೆ.